ಒಟ್ಟು ನೆರವು

“ಸಹಿ ಹಾಕು ಅಂದ್ರೆ ಹಾಕು. ನನ್ನ ಮುಖದಲ್ಲೇನಾದ್ರೂ ಬರ್ದಿದ್ಯಾ? ಹೆಬ್ಬೆಟ್ಟಾದ್ರೆ ಹೇಳು, ಶಾಯಿ ಡಬ್ಬಿ ಕೊಡ್ತೀನಿ.”

ಕಾಲೇಜಿನ ವಿದ್ಯಾರ್ಥಿ ನೆರವು ವಿಭಾಗದ ಅಧಿಕಾರಿ ಕಿಟಕಿಯ ಕಂಡಿಯಿಂದ ಕಾಗದವನ್ನು ಗಂಟಕ್ಕನತ್ತ ನೂಕಿದ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೊಳೆ ಬಟ್ಟೆಯ ಗಂಟು ಬಿಚ್ಚುತ್ತ ಬಂದವಳು ಅವಳು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಬಾಯಿಮಾತಿಗೆ ಗಂಟಕ್ಕನೇ ಆಗಿಹೋಗಿದ್ದಳು.

“ಸಹಿ ಬರುತ್ತೆ ಸಾರ್. ಯಾವುದಕ್ಕೆ ಅಂತ ಗೊತ್ತಾಗ್ಲಿಲ್ಲ.”

“ದಪ್ಪಕ್ಷರ ಕಾಣಲ್ವಾ? ಒಟ್ಟು ನೆರವು, ಒಂದು ಲಕ್ಷದ ಎಂಬತ್ತು ಸಾವಿರ. ಪುಕ್ಕಟೆ ಕೊಟ್ರೂ ನೂರೆಂಟು ಪ್ರಶ್ನೆ, ಮುಂಡೇವಕ್ಕೆ! ನಾಳೆ ಹನ್ನೆರಡರೊಳಗೆ ಬರ್ಲಿಲ್ಲ ಅಂದ್ರೆ ನಿನ್ನ ಮಗಳ ಸೀಟು ಬೇರೆಯವರಿಗೆ. ನೆಕ್ಸ್ಟ್!”

ಕಾಗದವನ್ನು ಮಡಿಚಿ ಕುಪ್ಪಸದೊಳಗಿಟ್ಟುಕೊಂಡ ಗಂಟಕ್ಕ ಕೆಲಸಕ್ಕೆ ಓಡಿದಳು. ಮಧ್ಯಾಹ್ನ ಮಗಳು ಬುತ್ತಿ ತಂದಾಗ ಅವಳಿಗೆ ತೋರಿಸಲು ಹೊರತೆಗೆದ ಆ ಕಾಗದದ ಮೇಲೆ ಇಸ್ತ್ರಿ ಅಜ್ಜಿಯ ಕಣ್ಣು ಬಿತ್ತು. ಅಜ್ಜಿ ಆ ಲಾಂಡ್ರಿಗೆ ಯಂತ್ರಗಳಿಗಿಂತ ಮೊದಲು ಬಂದವಳು. ಅವುಗಳಂತೆ ಒಮ್ಮೆಯೂ ಕೆಟ್ಟು ನಿಂತವಳಲ್ಲ.

“ಏನೇ ಗಂಟಕ್ಕ, ಸಹಿ ಹಾಕಿಬಿಟ್ಯಾ?”

“ಇನ್ನೂ ಇಲ್ಲಜ್ಜಿ.”

“ಹಾಗಾದ್ರೆ ಬಿಚ್ಚು.”

ಅಲ್ಲಿಯ ಪದ್ಧತಿಯೇ ಅದು. ಹಿಂದೆ ವಾರ್ಡಿನವರು ‘ಚಾದರ ನೂರು’ ಎಂದು ಚೀಟಿ ಬರೆದು ಎಂಬತ್ತನ್ನು ಕಟ್ಟಿ ಕಳುಹಿಸುತ್ತಿದ್ದರು. ಕಡಿಮೆ ಬಿದ್ದ ಇಪ್ಪತ್ತು ಇವರ ಕೂಲಿಯಲ್ಲಿ ಮುರಿಯುತ್ತಿತ್ತು. ಅಂದಿನಿಂದ ಗಂಟನ್ನು ಬಿಚ್ಚಿ, ಒಂದೊಂದನ್ನೂ ಎತ್ತಿ ಹಿಡಿದು ಕೂಗಿ, ಬಿಳಿ, ಬಣ್ಣ, ಕಲೆ ಎಂದು ಬೇರೆ ಬೇರೆ ಬುಟ್ಟಿಗೆ ಹಾಕದೆ ಯಾರೂ ಚೀಟಿಗೆ ಸಹಿ ಮಾಡುತ್ತಿರಲಿಲ್ಲ.

ಮಗಳು ಸೋಪಿನ ಡಬ್ಬದ ರಟ್ಟು ಹರಿದು, ಒಂದೊಂದು ಚೂರಿನ ಮೇಲೆ ಕಾಗದದ ಒಂದೊಂದು ಸಾಲನ್ನು ಬರೆದಳು. ಹಿಂಬದಿಯ ಸಣ್ಣಕ್ಷರಗಳನ್ನು ಓದಿ ಓದಿ ಅರ್ಥ ಹೇಳುತ್ತ ಹೋದಳು.

“ಅನುದಾನ. ಮನೆ ಆದಾಯ ಕಡಿಮೆ ಅಂತ ಕೊಡೋದು. ವಾಪಸ್ ಕೊಡ್ಬೇಕಾಗಿಲ್ಲ.”

“ಬಿಳಿ ಬುಟ್ಟಿ,” ಎಂದಳು ಅಜ್ಜಿ.

“ವಿದ್ಯಾರ್ಥಿವೇತನ. ನನ್ನ ಅಂಕ ನೋಡಿ ಕೊಡೋದು. ಇದೂ ವಾಪಸ್ ಇಲ್ಲ. ಆದ್ರೆ ಅರವತ್ತಕ್ಕಿಂತ ಕೆಳಗೆ ಬಂದ್ರೆ ಮುಂದಿನ ವರ್ಷ ನಿಲ್ಲುತ್ತೆ.”

“ಬಿಳೀನೇ. ಜೋಪಾನವಾಗಿ ಒಗೀಬೇಕಾದ ಬಿಳಿ. ನಿಂಗೆ ಹೇಳಿದ್ದು ಕಣೇ, ಹಲ್ಲು ಕಿರೀಬೇಡ, ಓದು.”

“ಓದಿನ ಜೊತೆ ಕೆಲಸ. ಅಲ್ಲೇ ಲೈಬ್ರರೀಲಿ ದುಡೀಬೇಕು. ದುಡಿದಷ್ಟು ಗಂಟೆಗೆ ದುಡ್ಡು.”

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನೇ ಕೆಳಗಿಟ್ಟಳು. “ಅದು ಕೂಲಿ ಅಲ್ವೇನೇ? ಕೂಲೀನೂ ನೆರವಾ? ಅಯ್ಯೋ, ನಲವತ್ತು ವರ್ಷದಿಂದ ಈ ಆಸ್ಪತ್ರೆ ನಂಗೆ ನೆರವು ಕೊಡ್ತಿದೆ, ನಾನು ಒಂದಿನಾನೂ ಕೈ ಮುಗೀಲಿಲ್ಲ ನೋಡು! ಪಾಪಿ ಮುಂಡೆ ನಾನು.”

ಸುತ್ತ ನೆರೆದ ಲಾಂಡ್ರಿ ಹೆಂಗಸರ ನಗೆಗೆ ಉಗಿಯ ಕೊಳವೆಯ ಸದ್ದೂ ಅಡಗಿತು.

“ನಮ್ಮ ಕುಟುಂಬದ ಪಾಲು, ವರ್ಷಕ್ಕೆ ಇಪ್ಪತ್ತು ಸಾವಿರ. ಇದು ಅವರು ಕೊಡೋದಲ್ಲ. ನಾವು ಕೊಡಬಲ್ಲೆವು ಅಂತ ಅವರು ಲೆಕ್ಕ ಹಾಕಿರೋದು. ಹೋದ ವರ್ಷದ ನಿನ್ನ ಸಂಬಳ ನೋಡಿ.”

“ನಮಗೇ ತಿಳಿಸದೆ ಸಾಹುಕಾರ್ತಿ ಆಗ್ಬಿಟ್ಯಲ್ಲೇ!” ಎಂದು ಅಜ್ಜಿ ಗಂಟಕ್ಕನ ಗಲ್ಲ ಹಿಡಿದಳು. ಈ ವರ್ಷ ಪಾಳಿ ಕಡಿತವಾಗಿ ಎಲ್ಲರ ಸಂಬಳವೂ ಅರ್ಧಕ್ಕಿಳಿದಿತ್ತು.

ಕೊನೆಯ ಎರಡು ಚೂರುಗಳನ್ನು ಮಗಳು ಕೈಯಲ್ಲೇ ಹಿಡಿದು ನಿಂತಳು.

“ಇವೆರಡೂ ಸಾಲ ಅಮ್ಮ. ಮೂವತ್ತು ಸಾವಿರದ ಈ ಸಾಲಕ್ಕೆ ಸಬ್ಸಿಡಿ ಇದೆ. ಓದು ಮುಗಿಯೋವರೆಗೆ ಬಡ್ಡಿ ಸರ್ಕಾರದ್ದು. ನಲವತ್ತು ಸಾವಿರದ್ದಕ್ಕೆ ಆ ಸಬ್ಸಿಡಿ ಇಲ್ಲ. ದುಡ್ಡು ಬಂದ ದಿನದಿಂದಲೇ ಬಡ್ಡಿ. ಕಟ್ಟದೆ ಉಳಿದ ಬಡ್ಡಿ ಅಸಲಿಗೆ ಸೇರುತ್ತೆ, ಆಮೇಲೆ ಅದಕ್ಕೂ ಬಡ್ಡಿ. ಅದಕ್ಕೆ ಜಾಮೀನುದಾರರು ಬೇರೆ ಬೇಕು.”

“ಯಾರಂತೆ?”

“ನೀನು.”

ಗಂಟಕ್ಕ ಆ ಚೂರನ್ನು ಕಿತ್ತುಕೊಂಡು, “ಪುಕ್ಕಟೆ ಅಂದ್ನಲ್ಲೇ ಆ ಬೋಳಿಮಗ!” ಎಂದಳು.

ಹಿಂಬದಿಯ ಕೊನೆಯಲ್ಲಿ, ಇರುವೆ ಸಾಲಿನಂತಹ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು: ಪ್ರತಿಯೊಂದು ನೆರವನ್ನೂ ಬೇರೆ ಬೇರೆಯಾಗಿ ಒಪ್ಪಬಹುದು ಅಥವಾ ಬಿಡಬಹುದು, ಆದಾಯ ಕುಸಿದಿದ್ದರೆ ಮರುಪರಿಶೀಲನೆ ಕೋರಬಹುದು. ಮಗಳು ಅದನ್ನು ಎರಡು ಸಲ ಓದಿದಳು. ಅಜ್ಜಿ ಮೂರನೆಯ ಸಲ ಓದಿಸಿದಳು.

ಮರುದಿನ ಹನ್ನೊಂದಕ್ಕೆ ನೆರವಿನ ಕಿಟಕಿಯ ಮುಂದಿನ ಸಾಲು ಮೆಟ್ಟಿಲಿಳಿದು ಅಂಗಳಕ್ಕೆ ಹರಿದಿತ್ತು.

“ಬಂದ್ಯಾ ಮಹಾರಾಣಿ?” ಎಂದ ಅಧಿಕಾರಿ.

“ಬಂದೆ ಸಾರ್. ಇದನ್ನ ಒಂದೊಂದಾಗಿ ಕೂಗಿ ಹೇಳ್ಬಿಡಿ, ಸಹಿ ಹಾಕ್ತೀನಿ.”

“ನಿನ್ನ ಮಗಳಿಗೆ ಓದೋಕೆ ಬರಲ್ವಾ?”

“ಅವಳಿಗೆ ಬರುತ್ತೆ ಸಾರ್. ನಿಮಗೂ ಬರುತ್ತೇನೋ ಅಂತ.”

ಹಿಂದೆ ಯಾರೋ ಕಿಸಕ್ಕೆಂದರು. ಮುಖ ಕೆಂಪಾದ ಅಧಿಕಾರಿ ಅನುದಾನವನ್ನೂ ವಿದ್ಯಾರ್ಥಿವೇತನವನ್ನೂ ತನ್ನ ಜೇಬಿನಿಂದ ಕೊಡುವವನಂತೆ ಗಟ್ಟಿಯಾಗಿ ಓದಿದ. ಕೆಳಗಿಳಿದಂತೆ ದನಿಯೂ ಇಳಿಯಿತು.

“ಕೊನೇದು ಕೇಳಿಸ್ಲಿಲ್ಲ ಸಾರ್. ಹಿಂದಿರೋರಿಗೂ ಕೇಳಿಸ್ಲಿ.”

“ಸಾಲ! ಸಬ್ಸಿಡಿ ಇಲ್ಲದ ಸಾಲ! ಸಾಕಾ?”

“ಸಾಲಾನಾ?” ಗಂಟಕ್ಕನ ಹಿಂದಿದ್ದ ಲಾರಿ ಡ್ರೈವರ್ ಸಾಲಿನಿಂದ ತಲೆ ಹೊರಹಾಕಿದ. “ನನ್ನ ಮಗನ ಕಾಗದದಲ್ಲೂ ಇದೇ ಇದೆಯಲ್ರೀ! ನೆರವು ಅಂದ್ರಿ ಮೊನ್ನೆ?”

ಗಂಟಕ್ಕ ಕಟ್ಟೆಯ ಮೇಲಿನ ಪೆನ್ನೆತ್ತಿ, ನೆರವಿನ ಐದು ಸಾಲುಗಳಲ್ಲಿ ನಾಲ್ಕರ ಮುಂದೆ ‘ಒಪ್ಪಿದೆ’ ಎಂದು ಮಗಳಿಂದ ಬರೆಸಿ, ಐದನೆಯದಾದ ಸಬ್ಸಿಡಿ ಇಲ್ಲದ ಸಾಲದ ಮೇಲೆ ತಾನೇ ಅಡ್ಡಗೆರೆ ಎಳೆದಳು. ಆ ಗೆರೆ ಅವಳ ಸಹಿಗಿಂತ ನೆಟ್ಟಗಿತ್ತು.

“ಆ ನಲವತ್ತು ಸಾವಿರ ಎಲ್ಲಿಂದ ತರ್ತೀಯ?”

“ಗೊತ್ತಿಲ್ಲ ಸಾರ್. ಕಾಲೇಜು ಶುರುವಾಗೋಕೆ ಐವತ್ತು ದಿನ ಇದೆ.” ಮಗಳು ಮರುಪರಿಶೀಲನೆಯ ಅರ್ಜಿಯನ್ನು ಕಂಡಿಯೊಳಗೆ ತೂರಿಸಿದಳು. “ಅಮ್ಮನ ಸಂಬಳ ಅರ್ಧ ಆಗಿದೆ, ಸಂಬಳದ ಚೀಟಿ ಇಟ್ಟಿದೀವಿ. ತಗೊಂಡಿದ್ದಕ್ಕೆ ಮೊಹರು ಒತ್ಕೊಡಿ.”

ಗಡಿಯಾರ ನೋಡಿ, ಸಾಲನ್ನು ನೋಡಿ, ಅವನು ಮೊಹರನ್ನು ಕಾಗದದ ಮೇಲೆ ಗುದ್ದಿದ.

“ಅಕ್ಕ, ಆ ಪೆನ್ನು ಈ ಕಡೆ ಬರ್ಲಿ,” ಎಂದ ಡ್ರೈವರ್.

ಪೆನ್ನನ್ನು ಕಿಟಕಿಯ ಸರಳಿಗೆ ದಾರದಿಂದ ಬಿಗಿದಿದ್ದರು. ದಾರ ಒಂದು ಮೊಳದಷ್ಟು ಉದ್ದ. ಒಬ್ಬೊಬ್ಬರೇ ಬಂದು, ಬಗ್ಗಿ, ಸಹಿ ಹಾಕೆಂದಲ್ಲಿ ಹಾಕಿ ಹೋಗಲು ಸಾಲುವಷ್ಟು.

“ಏಯ್, ಎಳೀಬೇಡಿ! ಕಚೇರಿ ಸೊತ್ತದು!”

ಡ್ರೈವರ್ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದ. ಪೆನ್ನು ಅವನ ಕಾಗದದ ಮೇಲೊಂದು ಗೆರೆ ಎಳೆದು, ಹಿಂದಿನವಳ ಕೈಗೆ ದಾಟಿತು. ಅಲ್ಲಿಂದ ಇನ್ನೊಂದು ಕೈಗೆ, ಮೆಟ್ಟಿಲಿಗೆ, ಅಂಗಳಕ್ಕೆ. ಕಿಟಕಿಯ ಕಂಡಿಯಿಂದ ಅಧಿಕಾರಿಯ ತೋಳು ಭುಜದವರೆಗೂ ಹೊರಬಂದು, ಐದೂ ಬೆರಳನ್ನು ಗಾಳಿಯಲ್ಲಿ ಆಡಿಸುತ್ತಿತ್ತು.