ಸೆರಗಿಗೆ ಹಚ್ಚಿದ ಅರಿಶಿನ

ಬಕೆಟಿನ ನೀರು ಕೆಂಪಾಗುತ್ತಿರುವುದನ್ನು ಭಾಗ್ಯಜ್ಯೋತಿ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಅವ್ವ ರೇಣವ್ವ ಕುಕ್ಕರಗಾಲಲ್ಲಿ ಕೂತು ಬಿಳಿ ಸೀರೆಯ ಸೆರಗಿಗೆ ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಅರಿಶಿನದ ಕಲೆ ಹಳದಿ ಬಿಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು.

"ಯವ್ವಾ, ಬಿಡ! ಸಾಬೂನ ಹಚ್ಚಬ್ಯಾಡ."

"ಹೋಗ್ತೈತಿ ತಗೋ. ಇನ್ನೊಂದೀಟು ತಿಕ್ಕಿದ್ರ..."

"ತಿಕ್ಕಿದ್ರ ಮತ್ತ ಕೆಂಪಾಗ್ತೈತಿ."

ರೇಣವ್ವನ ಕೈ ನಿಂತಿತು. ಸೆರಗನ್ನು ಎತ್ತಿ ಬೆಳಕಿಗೆ ಹಿಡಿದಳು. ಅಂಗೈಯಗಲದ ಕಲೆ. ಅವಳ ಮುಖ ಸಣ್ಣದಾಯಿತು.

ಆ ಸೀರೆ ಭಾಗ್ಯಳ ತಂಗಿ ಉಮಾಮಹೇಶ್ವರಿಯದು. ಮರುದಿನ ಅವಳ ಘಟಿಕೋತ್ಸವ. ಹುಡುಗಿಯರು ಬಿಳಿ ಹತ್ತಿ ಸೀರೆಯನ್ನೇ ಉಡಬೇಕು, ಬೇರೆ ಬಣ್ಣ ಕಂಡರೆ ವೇದಿಕೆ ಹತ್ತಿಸುವುದಿಲ್ಲ ಎಂದು ಕಾಲೇಜಿನವರು ಎರಡೆರಡು ಸಲ ಹೇಳಿ ಕಳಿಸಿದ್ದರು. ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು ಕತ್ರಿಗುಪ್ಪೆಯಲ್ಲಿ ಸೀರೆಗಳಿಗೆ ಫಾಲ್ಸ್–ಜಿಗ್‌ಜಾಗ್ ಹೊಲಿಯುವ ಅಂಗಡಿ ಸೇರಿದ್ದ ಭಾಗ್ಯ ತಾನೇ ಅದಕ್ಕೆ ಫಾಲ್ ಹಚ್ಚಿ, ಇಸ್ತ್ರಿ ಮಾಡಿ, ಮೊಳೆಗೆ ತೂಗುಹಾಕಿದ್ದಳು. ಉಮಾ ಬೆಳಿಗ್ಗೆಯೇ ರಿಹರ್ಸಲ್‌ಗೆ ಹೋಗಿದ್ದಳು. ಬರುವುದು ಸಂಜೆ ಐದಕ್ಕೆ.

ಹೊಸ ಬಟ್ಟೆಯನ್ನು ಅರಿಶಿನ ಮುಟ್ಟಿಸದೆ ಮೈಗೆ ಹಾಕಬಾರದು. ಅದು ಭಾಗ್ಯಳಿಗೂ ಗೊತ್ತಿತ್ತು. ಒಳಗೆ ಸಿಕ್ಕಿಸುವ ತುದಿಗೆ ಸಾಸಿವೆಯಷ್ಟು ಹಚ್ಚಿದರಾಯಿತು ಎಂದುಕೊಂಡಿದ್ದಳು. ಅವಳು ಹಾಲು ತರಲು ಹೋದ ಹೊತ್ತಿನಲ್ಲಿ ಅವ್ವ ಬಟ್ಟಲಲ್ಲಿ ಅರಿಶಿನ ಕಲೆಸಿಕೊಂಡಿದ್ದಳು.

"ಲಗ್ನ ಆಗದ ಹುಡುಗಿ," ಎಂದಳು ರೇಣವ್ವ, ಯಾರಿಗೋ ಸಮಜಾಯಿಷಿ ಕೊಡುವವಳಂತೆ. "ಮೈತುಂಬ ಬಿಳೇದು ಉಟ್ಟು ಅಷ್ಟ ಮಂದಿ ಮುಂದ ನಿಂದರ್ತಾಳು. ಕಣ್ಣಿಗೆ ಛಲೋ ಕಾಣಸ್ತೈತೇನು? ಅದಕ್ಕ ಒಂದೀಟು ಹೆಚ್ಚಿಗಿ ಹಚ್ಚಿದ್ನಿ."

ಅವ್ವ ಕೈ ಒರೆಸಿಕೊಂಡು ಬಂದು ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಳು.

"ನಾಳೆ ನಾ ಬರೂದಿಲ್ಲ. ನಿಮ್ಮಪ್ಪ ಹೋಗಲಿ. ನನ್ನ ಪಾಸಿನ ಮ್ಯಾಲ ನೀ ಹೋಗು."

"ಹಂಗ್ಯಾಕಂತಿ?"

"ಓದು ಬರದಾಕಿ ಹೋಗಿ ಏನ್ ಮಾಡೂದೈತಿ? ಇಲ್ಲೇ ಕುಂತು ಇಷ್ಟು ಕೆಡಿಸೀನಿ. ಅಲ್ಲಿ ಹೋದ್ರ ಇನ್ನೇನ ಕೆಡಸ್ತೀನೋ."

ಅಪ್ಪ ಅವ್ವನಿಗೆಂದು ಉಮಾ ತಂದುಕೊಟ್ಟ ಎರಡು ಪಾಸುಗಳು ದೇವರ ಫೋಟೋದ ಹಿಂದೆ ಇದ್ದವು. ನಾಲ್ಕು ದಿನಗಳಿಂದ ಅವ್ವ ಮನೆಯವರನ್ನೆಲ್ಲ ಕೇಳಿ ಕೇಳಿ ಸಾಕುಮಾಡಿದ್ದಳು. ಅಲ್ಲಿ ಎಲ್ಲಿ ಕೂರಬೇಕು, ಉಮಾಳ ಹೆಸರು ಕೂಗಿದಾಗ ಎದ್ದು ನಿಲ್ಲಬಹುದೋ, ಚಪ್ಪಾಳೆಯನ್ನು ಎಲ್ಲರೂ ತಟ್ಟುತ್ತಾರೋ ಮನೆಯವರಷ್ಟೇ ತಟ್ಟಬೇಕೋ. ಈಗ ಅವಳು ನೆಲ ನೋಡುತ್ತಿದ್ದಳು. ಉಮಾ ಬಂದರೆ ಕೂಗಾಡುವವಳಲ್ಲ. 'ಇರ್ಲಿ ಬಿಡವ್ವಾ' ಎಂದು ತಣ್ಣಗೆ ಹೇಳಿ ಯಾರಿಂದಲೋ ಸೀರೆ ಕೇಳಿ ತರುತ್ತಾಳೆ. ಆಮೇಲೆ ಅವ್ವನನ್ನು ಹೊರಡಿಸುವುದು ಯಾರಿಂದಲೂ ಆಗುವುದಿಲ್ಲ. ಕಲೆ ಹೋಗಬೇಕಾದದ್ದು ಐದರ ಒಳಗೆ.

ಮದುವೆಯ ತಿಂಗಳುಗಳಲ್ಲಿ ಅರಿಶಿನ ಮೆತ್ತಿದ ಸೀರೆಗಳು ಅಂಗಡಿಗೆ ಬರುತ್ತಿದ್ದವು. ಅಂಗಡಿಯ ವೆಂಕಟಾಚಲ ಅವುಗಳನ್ನು ಕಂಡು ಗಾಬರಿಯಾದವನಲ್ಲ. ಮೊದಲು ನಿಂಬೆಹಣ್ಣು, ಆಮೇಲೆ ನೇರ ಬಿಸಿಲು. ನಡುವೆ ಅವಸರ ಬೇಡ, ಸಾಬೂನಂತೂ ಬೇಡವೇ ಬೇಡ. ಭಾಗ್ಯ ಎರಡು ನಿಂಬೆಹಣ್ಣು ಹಿಂಡಿದಳು. ಕೆಂಪು ಮತ್ತೆ ಹಳದಿಗೆ ಇಳಿಯಿತು. ಇನ್ನು ಬಿಸಿಲು.

ಬಿಸಿಲಿದ್ದುದು ಟೆರೇಸಿನ ಮೇಲೆ. ಬಾಡಿಗೆಯವರ ತಂತಿ ಇದ್ದುದು ಮನೆಯ ಪಕ್ಕದ ಓಣಿಯಲ್ಲಿ, ಅಲ್ಲಿ ಸೂರ್ಯ ಅರ್ಧ ಗಂಟೆ ಇಣುಕಿ ಹೋಗುತ್ತಿದ್ದ. ಟೆರೇಸಿನ ಕೀಲಿ ಮನೆ ಓನರ್ ಪಂಕಜಾ ಆಂಟಿಯ ಸೊಂಟದಲ್ಲಿ. ಎರಡು ವರ್ಷದಲ್ಲಿ ಭಾಗ್ಯ ಆಕೆಯ ಹತ್ತಿರ ಆಡಿದ್ದು 'ಹೂಂ ಆಂಟಿ', 'ನೀರು ಬಂತು ಆಂಟಿ', ಇಷ್ಟೇ. ಮಿಕ್ಕಿದ್ದನ್ನೆಲ್ಲ ಉಮಾ ಮಾತಾಡುತ್ತಿದ್ದಳು.

ಒದ್ದೆ ಸೀರೆಯನ್ನು ತೋಳಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಬೆಲ್ ಒತ್ತಲು ಹೋದ ಬೆರಳು ಎರಡು ಸಲ ಹಿಂದೆ ಬಂತು. ಮೂರನೆಯ ಸಲ ಒತ್ತಿದಳು.

"ಏನಮ್ಮಾ, ನೀರು ನಿಂತೋಯ್ತಾ?"

"ಇಲ್ರಿ ಆಂಟಿ. ಟೆರೇಸ್ ಕೀಲಿ ಬೇಕಾಗಿತ್ರಿ."

"ಅಲ್ಲಿ ಸಂಡಿಗೆ ಹಾಕಿದೀನಿ ಕಣೆ. ನಿನ್ ಸೀರೆ ನೀರು ಅದರ ಮೇಲೆ ಸೋರಿದ್ರೆ? ಕೆಳಗಡೆ ತಂತಿ ಇಲ್ವಾ?"

ಬೇರೆ ದಿನವಾಗಿದ್ದರೆ ಭಾಗ್ಯ 'ಹೂಂ ಆಂಟಿ' ಎಂದು ಇಳಿದುಬಿಡುತ್ತಿದ್ದಳು. ಕಾಲು ಆಗಲೇ ಒಂದು ಮೆಟ್ಟಿಲು ಇಳಿದೂ ಇತ್ತು.

"ಆಂಟಿ, ಇದು ಉಮಾನ ಸೀರಿ. ನಾಳೆ ಡಿಗ್ರಿ ಕೊಡ್ತಾರ್ರಿ. ಅವ್ವ ಅರಿಶಿಣ ಹಚ್ಚಿ, ಸಾಬೂನ ಹಚ್ಚಿ, ಈಗ ನಾ ಬರೂದಿಲ್ಲ ಅಂತ ಕುಂತಾಳ್ರಿ. ಬಿಸಿಲಿಗೆ ಹಾಕಿದ್ರ ಹೋಗ್ತೈತ್ರಿ. ನಾ ಸಂಡಿಗಿ ಹಂತ್ಯಾಕ ಕುಂತು ಕಾಯ್ತೀನ್ರಿ. ಒಂದು ಹನಿ ಬೀಳೂದಿಲ್ರಿ."

ಪಂಕಜಾ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು.

"ಅಯ್ಯೋ, ನಿಂಗೆ ಇಷ್ಟೊಂದು ಮಾತು ಬರತ್ತೇನೆ! ತಗೋ. ಕಾಗೆ ಬಂದ್ರೂ ಓಡಿಸು, ಅದಕ್ಕೂ ಸೇರಿಸಿ ಕೊಡ್ತಿದೀನಿ."

ಸೆರಗನ್ನು ಬಿಸಿಲಿಗೆ ಬಿಡಿಸಿ ಕ್ಲಿಪ್ ಹಾಕಿ, ಭಾಗ್ಯ ನೀರಿನ ಟ್ಯಾಂಕಿನ ಅಂಚಿನ ನೆರಳಲ್ಲಿ ಕೂತಳು. ಆಗಾಗ ಎದ್ದು ನೀರು ಚಿಮುಕಿಸಿ ಮಗ್ಗಲು ಬದಲಿಸಿದಳು. ಒಂದು ಗಂಟೆಗೆ ಮೋಡ ಬಂದು ಇಪ್ಪತ್ತು ನಿಮಿಷ ಕದಲದೆ ನಿಂತಿತು. ಆಗ ಅವಳು ಅದನ್ನು ಬಾಯಿಬಿಟ್ಟೇ ಬೈದಳು. ಎರಡಕ್ಕೆ ಕಲೆ ನಿಂಬೆ ಸಿಪ್ಪೆಯ ಬಣ್ಣಕ್ಕೆ ಬಂತು, ಮೂರಕ್ಕೆ ಬೆಣ್ಣೆಯ ಬಣ್ಣಕ್ಕೆ.

ಮೂರೂವರೆಗೆ ಪಂಕಜಾ ಸಂಡಿಗೆ ತಿರುವಿಹಾಕಲು ಬಂದವರು ಸೆರಗನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿದರು.

"ಎಲ್ಲಿತ್ತು?"

ಭಾಗ್ಯ ತೋರಿಸಿದಳು.

"ನಂಗೇನೂ ಕಾಣ್ತಿಲ್ಲಪ್ಪ." ಪಂಕಜಾ ಗೋಡೆಯಿಂದ ಕೆಳಗೆ ಬಗ್ಗಿದರು. "ರೇಣಮ್ಮಾ! ಓ ರೇಣಮ್ಮಾ! ಬನ್ನಿ ಮೇಲೆ!"

ರೇಣವ್ವ ಮೆಟ್ಟಿಲ ಬಾಗಿಲವರೆಗೆ ಬಂದು, ಅಲ್ಲೇ ಸೆರಗು ಹೊದ್ದು ನಿಂತಳು.

"ಅಲ್ರೀ, ನಾನೂ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಯಾರಿಗೂ ಕೊಡಲ್ಲ. ಆದ್ರೆ ಒಂದು ಚುಕ್ಕೆ ರೀ, ಒಂದು ಚುಕ್ಕೆ! ನೀವು ಸೀರೆಗೆ ಮದುವೇನೇ ಮಾಡ್ಬಿಟ್ಟಿದೀರ."

ರೇಣವ್ವ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂತು. ಹತ್ತಿರ ಬಂದು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿದಳು, ಮಗುಚಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು.

"ನಾಳೆ ಹೊರಡೋದು ಎಷ್ಟೊತ್ತಿಗೆ?" ಪಂಕಜಾ ಕೇಳಿದರು.

ರೇಣವ್ವ ಮಗಳ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಕೆಳಗಿಳಿದು ಹೋದಳು.

ನಾಲ್ಕೂವರೆಗೆ ಸೀರೆ ಗರಿಗರಿಯಾಗಿ ಒಣಗಿತ್ತು. ಕ್ಲಿಪ್ ತೆಗೆಯುತ್ತಿದ್ದಾಗ ಕೆಳಗಿನ ರಸ್ತೆಯಿಂದ ಕಿರ್ರ್, ಕಿರ್ರ್ ಎಂದು ಸದ್ದು ಕೇಳಿತು. ಭಾಗ್ಯ ಬಗ್ಗಿ ನೋಡಿದಳು. ಘಟಿಕೋತ್ಸವಕ್ಕೆ ಹಾಕಿಕೊಳ್ಳಲೆಂದು ಜಯನಗರದಿಂದ ಉಮಾ ತಂದುಕೊಟ್ಟಿದ್ದ ಹೊಸ ಚಪ್ಪಲಿ ಮೆಟ್ಟಿಕೊಂಡು ಅವ್ವ ಗೇಟಿನಿಂದ ಹೊಂಗೆಮರದವರೆಗೆ ನಡೆಯುತ್ತಿದ್ದಳು. ಮರ ಮುಟ್ಟಿ ತಿರುಗಿದಳು. ಸೀರೆಯನ್ನು ತುಸು ಎತ್ತಿ ಹಿಡಿದು, ಪಾದ ನೋಡಿಕೊಂಡು, ನಿಧಾನವಾಗಿ ವಾಪಸು ಬಂದಳು. ಗೇಟಿನ ಹತ್ತಿರ ನಿಂತು ಮೇಲೆ ನೋಡಿದಳು.

"ಸಪ್ಪಳ ಕೇಳಸ್ತೈತೇನ?"

"ಕೇಳಸ್ತೈತಿ."

"ಅಷ್ಟ ಮಂದ್ಯಾಗ ಹ್ಯಾಂಗ ನಡೀಲಿ?"

"ಇನ್ನೆರಡ ಸಲ ಹೋಗಿ ಬಾ, ಮೆತ್ತಗಾಗ್ತಾವು."

ಅವ್ವ ಮತ್ತೆ ಹೊಂಗೆಮರದ ಕಡೆಗೆ ತಿರುಗಿದಳು. ಭಾಗ್ಯ ಬಿಸಿಲಿನ ಕಾವು ಇನ್ನೂ ಆರದ ಬಿಳಿ ಸೀರೆಯನ್ನು ಎದೆಗೆ ಆನಿಸಿಕೊಂಡು, ಗದ್ದದಲ್ಲಿ ಒತ್ತಿ ಹಿಡಿದು, ಮೊದಲ ಮಡಿಕೆ ಹಾಕಿದಳು.