ಒಂದು ಗೀರೂ ಬೀಳದ ಹಾಗೆ

"ಮೆತ್ತಗೆ ಕಣ್ರಪ್ಪಾ, ಆ ಕಡೆ ಗಾಜಿದೆ," ಎಂದು ಚಿಕ್ಕಪ್ಪ ಕೂಗಿದ್ದಕ್ಕೆ ಫ್ರೀಜರ್ ಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಬಾಗಿಲಲ್ಲೇ ನಿಂತುಬಿಟ್ಟರು. ಗಾಜಿಲ್ಲದ ಕಡೆ ಯಾವುದು ಎಂದು ಅವರು ಕೇಳಿದ್ದರೆ ಚಿಕ್ಕಪ್ಪನಿಗೂ ಹೇಳಲು ಬರುತ್ತಿರಲಿಲ್ಲ. ಎಡಕ್ಕೆ ಶೋಕೇಸು, ಬಲಕ್ಕೆ ಗಾಜಿನ ಬಾಗಿಲಿನ ಬೀರು, ನಡುವೆ ಗಾಜಿನ ಟೀಪಾಯಿ, ಎದುರಿಗೆ ಅಡುಗೆಮನೆಯನ್ನು ಹಾಲಿನಿಂದ ಬೇರೆ ಮಾಡುವ ಆಳೆತ್ತರದ ಗಾಜಿನ ಗೋಡೆ. ಮಗಳು ಟೀಪಾಯಿಯನ್ನು ಮೂಲೆಗೆ ಎಳೆದು ದಾರಿ ಮಾಡಿಕೊಟ್ಟಳು.

ಪೆಟ್ಟಿಗೆ ಇಳಿಯಿತು. ಅದರ ಮುಚ್ಚಳವೂ ಗಾಜಿನದೇ. ಅಂಚು ನೆಟ್ಟಗೆ ಕೂತಿರಲಿಲ್ಲ, ಒಂದು ಕಡೆ ರಬ್ಬರು ಎದ್ದು ನಿಂತಿತ್ತು. ಬದುಕಿದ್ದರೆ ಅಪ್ಪ ಅದನ್ನು ಮಾಡಿದವನ ಜನ್ಮ ಜಾಲಾಡಿಬಿಡುತ್ತಿದ್ದ. ನಲವತ್ತು ವರ್ಷ ಗಾಜು ಕೊಯ್ದು, ಕೂಡಿಸಿ ಬಾಳಿದವನು ಈಗ ಬೇರೆ ಯಾರೋ ಕೂಡಿಸಿದ ಗಾಜಿನ ಕೆಳಗೆ ತುಟಿ ಪಿಟಕ್ಕೆನ್ನದೆ ಮಲಗಿದ್ದ. ಮಗಳಿಗೆ ಅಷ್ಟು ದುಃಖದಲ್ಲೂ, ಅಥವಾ ದುಃಖವೆಂದು ಎಲ್ಲರೂ ಅಂದುಕೊಂಡಿದ್ದರಲ್ಲೂ, ಒಂದು ಸಣ್ಣ ಖುಷಿಯಾಯಿತು.

ಅಮ್ಮ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಳು. ಮುಚ್ಚಳದ ಮೇಲೆ ಹನಿ ಕಟ್ಟಿದಾಗಲೆಲ್ಲ ಬಟ್ಟೆಯಿಂದ ಒರೆಸುತ್ತಿದ್ದಳು. ಈ ಮನೆಯಲ್ಲಿ ಅವಳ ಕೈಯಲ್ಲಿ ಆ ಬಟ್ಟೆ ಇಲ್ಲದ ಹೊತ್ತೇ ಇರಲಿಲ್ಲ.

"ಅಣ್ಣನಿಗೆ ಕೋಪ ಇತ್ತು, ಇಲ್ಲ ಅನ್ನಲ್ಲ," ಎಂದು ಚಿಕ್ಕಪ್ಪ ಬಂದವರಿಗೆ ಶುರುಮಾಡಿದ. "ಮೂಗಿನ ತುದೀಲೇ ಇರ್ತಿತ್ತು. ಆದ್ರೆ ಮನಸ್ಸು ಮಾಡಿ ಬಿಟ್ಟುಬಿಟ್ಟ ನೋಡಿ. ನಮ್ಮಲ್ಲಿ ಎಷ್ಟು ಜನ ಗಂಡಸರು ಕೌನ್ಸೆಲಿಂಗ್‌ಗೆ ಹೋಗ್ತಾರೆ?"

"ನಮ್ಮನೆಯವರಿಗೂ ಬುದ್ಧಿ ಹೇಳೋರು," ಎಂದಳು ಪಕ್ಕದ ಮನೆಯಾಕೆ. "ಕೋಪ ಬಂತಾ, ಹೊರಗೆ ಹೋಗಿ ನಿಂತ್ಕೋ, ನನ್ನ ನೋಡಿ ಕಲಿ ಅನ್ನೋರು. ಎಲ್ಲಾ ಇವರ ಮಗಳ ಪುಣ್ಯ. ಹುಡುಕಿ ಹುಡುಕಿ ಒಳ್ಳೆ ಮೇಡಂ ಹತ್ರ ಕರ್ಕೊಂಡು ಹೋದ್ಲು."

ಮಗಳಿಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆ ಎತ್ತುವ ಮುಂಚೆ ಹತ್ತಿರದವರೆಲ್ಲ ಎರಡೆರಡು ಮಾತಾಡಬೇಕೆಂದು ಚಿಕ್ಕಪ್ಪ ಬೆಳಿಗ್ಗೆಯೇ ಹೇಳಿದ್ದ. ಅವಳು ಅಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ನಾನು ಮಾತಾಡ್ತೀನಿ."

"ಏನಂತ?"

"ಇದ್ದದ್ದನ್ನ. ಪೆಟ್ಟಿಗೆ ಹೊರಗೆ ಹೋಗೋ ಮುಂಚೆ ಒಂದು ಸಲ ಕೇಳಿಸ್ಕೊಳ್ಲಿ."

ಅಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ಮಾತು, ನನ್ನ ಮಾತು, ಯಾವತ್ತು ಅವರಿಗೆ ಕೇಳಿಸಿತ್ತು? ಸುಮ್ನಿರು."

*

ಹಾಗೆಂದು ಮೊದಲು ಆ ಮನೆಯಲ್ಲಿ ಸದ್ದಿಗೆ ಕೊರತೆಯಿರಲಿಲ್ಲ. ತಟ್ಟೆ ಹಾರುತ್ತಿತ್ತು, ಕುರ್ಚಿ ಹಾರುತ್ತಿತ್ತು, ಒಮ್ಮೆ ರೇಡಿಯೋ ಹಾಡುತ್ತಾ ಹಾಡುತ್ತಾ ಗೋಡೆಗೆ ಹೋಗಿ ಬಡಿದಿತ್ತು. ಬೀದಿಯವರು ಅಪ್ಪನಿಗೆ ಸಿಡುಕಪ್ಪ ಎಂದು ಹೆಸರಿಟ್ಟಿದ್ದರು. ಮಗಳು ಓದು ಕಲಿಯುವ ಮುಂಚೆಯೇ ಎರಡು ಕೈಗಳಿಂದ ಕಿವಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದಳು.

ಒಂದು ಬೆಳಿಗ್ಗೆ ಅಂಗಿಯ ಗುಂಡಿ ಕಿತ್ತಿದ್ದಕ್ಕೆ ಅಪ್ಪ ತುಂಬಿದ ಊಟದ ಡಬ್ಬಿಯನ್ನೇ ಎಸೆದ. ಮುಖಕ್ಕೆ ಬೀಳಬೇಕಿದ್ದದ್ದಕ್ಕೆ ಅಮ್ಮ ಕೈ ಅಡ್ಡ ಹಿಡಿದಳು. ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಎಂದು ಹೇಳಿ ಪ್ಲಾಸ್ಟರು ಹಾಕಿಸಿಕೊಂಡು ಬಂದಳು.

ಅಷ್ಟು ಹೊತ್ತಿಗೆ ಮಗಳು ದುಡಿಯುತ್ತಿದ್ದಳು, ಎದುರು ನಿಂತು ಮಾತಾಡುವ ಧೈರ್ಯವೂ ಬಂದಿತ್ತು. "ಪೊಲೀಸರ ಹತ್ರ ಹೋಗೋಣ್ವಾ, ಕೋಪ ಬಿಡೋಕೆ ದಾರಿ ತೋರಿಸೋರ ಹತ್ರ ಹೋಗೋಣ್ವಾ? ನೀನೇ ಹೇಳಪ್ಪ," ಎಂದಳು. ಅಪ್ಪ ನೆಲ ನೋಡಿದ. ಪೊಲೀಸರು ಅಂಗಡಿಗೆ ಬಂದರೆ ಗಿರಾಕಿಗಳ ಮುಂದೆ ಮರ್ಯಾದೆ ಏನಾದೀತು ಎಂದು ಅವನಿಗೆ ಚಿಂತೆ.

ಅಂಥವರನ್ನು ಹುಡುಕುವುದು ಬೂಟಿನಂಗಡಿ ಹುಡುಕಿದಷ್ಟು ಸುಲಭವಿರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ತಲೆಯೆತ್ತದೆ ಮಾತ್ರೆ ಬರೆದುಕೊಟ್ಟರು. ಅಪ್ಪ ಎರಡು ದಿನ ಗೊರಕೆ ಹೊಡೆದು, ಎದ್ದು, ಮಾತ್ರೆಯ ಮೇಲೇ ಕೂಗಾಡಿದ. ಎರಡನೆಯವನು ಗಡ್ಡ ಬಿಟ್ಟ ಯುವಕ. ಕಣ್ಣು ಮುಚ್ಚಿ, ಸಮುದ್ರ ಕಲ್ಪಿಸಿಕೊಳ್ಳಿ ಅಂದ. ಅಪ್ಪ ಒಂದೇ ಕಣ್ಣು ತೆರೆದು, "ಸಮುದ್ರ ಆಮೇಲೆ. ಆ ಕಿಟಕಿ ಗಾಜು ಯಾವನಪ್ಪಾ ಕೂಡಿಸಿದ್ದು?" ಎಂದು ಕೇಳಿ ಎದ್ದುಬಂದ.

ಮೂರನೆಯವಳು ಸಿಕ್ಕಿದ್ದು ಬೂಟಿನಂಗಡಿಯ ಮಹಡಿಯ ಮೇಲೆ. ನಡುವಯಸ್ಸಿನ, ದಪ್ಪ ಕನ್ನಡಕದ ಹೆಂಗಸು. ಮೂವರನ್ನೂ ಎದುರಿಗೆ ಕೂರಿಸಿಕೊಂಡಳು.

"ಕೋಪ ಬಂದಾಗ ಏನಾಗುತ್ತೆ?"

"ಕಣ್ಣು ಕತ್ತಲೆ ಕಟ್ಟುತ್ತೆ ಮೇಡಂ. ಕೈಗೆ ಏನು ಸಿಕ್ತು, ಯಾರಿಗೆ ತಗಲ್ತು, ಒಂದೂ ಗೊತ್ತಾಗಲ್ಲ."

"ಅಂಗಡೀಲೂ ಕೋಪ ಬರುತ್ತಾ?"

"ಬರದೆ ಇರುತ್ತಾ? ಗಿರಾಕಿಗಳು ತಪ್ಪು ಅಳತೆ ಕೊಟ್ಟು ನಮ್ಮ ತಲೆ ತಿಂತಾರೆ. ಪಿತ್ತ ನೆತ್ತಿಗೇರುತ್ತೆ."

"ಹಾಗೆ ಕೋಪ ಬಂದಾಗ ಅಲ್ಲಿ ಎಷ್ಟು ಗಾಜು ಒಡೆದಿದ್ದೀರಿ?"

ಅಪ್ಪನ ಮುಖ ಅರಳಿತು. "ಒಂದೂ ಇಲ್ಲ. ಗಾಜಿನ ಮುಂದೆ ಕೈ ಎತ್ತೋಕಾಗುತ್ತಾ ಮೇಡಂ? ನನ್ನ ಕೈಲಿ ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ."

ಆಕೆ ಅಮ್ಮನ ಪ್ಲಾಸ್ಟರಿನ ಕೈ ನೋಡಿದಳು. ಆ ಕೈಯನ್ನು ಅಮ್ಮನೂ ನೋಡಿಕೊಂಡಳು. ಅಪ್ಪನಿಗೆ ತಾನು ಆಡಿದ ಮಾತು ಆಗ ಅರ್ಥವಾಗಿರಬೇಕು. "ಈ ಹೆಂಗಸಿಗೆ ತಲೆ ಬುಡ ಗೊತ್ತಿಲ್ಲ" ಎಂದು ದಡದಡ ಮೆಟ್ಟಿಲಿಳಿದು ಹೋದ. ಆಮೇಲೆ ಆ ಮೆಟ್ಟಿಲನ್ನು ಹತ್ತಲೇ ಇಲ್ಲ.

*

ಮನೆಗೆ ಬರುವ ಬಸ್ಸಿನಲ್ಲಿ ಅಮ್ಮ ಆಡಿದ್ದು ಒಂದೇ ಮಾತು. "ನಮ್ಮ ಬೀರುವಿಗೆ ಗಾಜಿನ ಬಾಗಿಲು ಹಾಕಿಕೊಡ್ತೀರಾ? ನೀವೇ ಮಾಡಿದ್ದು ಬೇಕು."

ಕೊನೆಗೂ ಹೆಂಡತಿಗೆ ತನ್ನ ಕೆಲಸದ ಬೆಲೆ ಗೊತ್ತಾಯಿತಲ್ಲ ಎಂದು ಅಪ್ಪ ಉಬ್ಬಿಹೋದ. ಬೀರುವಾಯಿತು, ಶೋಕೇಸಾಯಿತು, ಟೀಪಾಯಿಯಾಯಿತು. ಸ್ಟೀಲಿನ ಡಬ್ಬಿಗಳ ಜಾಗಕ್ಕೆ ಗಾಜಿನ ಹಲಗೆಗಳು ಬಂದವು, ಒಂದೊಂದರ ಅಂಚನ್ನೂ ಅವನೇ ಕೂತು ಉಜ್ಜಿ ನುಣುಪು ಮಾಡಿದ. ಕೊನೆಗೆ ಗೋಡೆಯೂ ಬಂತು. ಆಮೇಲೆ ಕೋಪ ಬಂದಾಗ ಕೈ ಎತ್ತಿದರೆ ಎದುರಿಗೆ ತನ್ನದೇ ಗಾಜು. ಎಡಕ್ಕೆ ತಿರುಗಿದರೂ ಗಾಜು, ಬಲಕ್ಕೂ ಗಾಜು. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ, ಹಲ್ಲು ಕಚ್ಚಿಕೊಂಡು ಹೋಗಿ ಹೊರಗೆ ನಿಲ್ಲುತ್ತಿದ್ದ.

ಬೀದಿಯವರು ಕೌನ್ಸೆಲಿಂಗ್ ಫಲ ಕೊಟ್ಟಿತು ಎಂದರು. ಅಪ್ಪನೂ ಹೌದೆಂದ. ಆ ಮೇಡಂ ಹತ್ತಿರ ಒಂದೇ ಸಲ ಹೋಗಿ ಬಂದವನು ಊರಿನ ಗಂಡಂದಿರಿಗೆಲ್ಲ ಉಪದೇಶ ಶುರುಮಾಡಿದ. ಅಮ್ಮನ ಕೈಯ ಬಗ್ಗೆ ಮಾತ್ರ ಕೊನೆಯವರೆಗೂ ಚಕಾರ ಎತ್ತಲಿಲ್ಲ. ಅದೊಂದು ಮಾತು ಅವನ ಬಾಯಿಂದ ಬರಲಿ ಎಂದು ಮಗಳು ಹನ್ನೆರಡು ವರ್ಷ ಕಾದಳು. ಅಮ್ಮ ಕಾದಳೋ ಇಲ್ಲವೋ, ಯಾರಿಗೂ ಹೇಳಲಿಲ್ಲ. ತನ್ನ ಮನೆಯಲ್ಲಿ ತಾನೇ ಮೈ ಹಿಡಿ ಮಾಡಿಕೊಂಡು ಓಡಾಡುತ್ತಾ, ಗಾಜು ಒರೆಸುತ್ತಾ ಇದ್ದಳು.

*

ಪೆಟ್ಟಿಗೆ ಎತ್ತುವ ಹೊತ್ತು ಬಂತು. ಚಿಕ್ಕಪ್ಪ ಮಾತಾಡಿದ, ಪಕ್ಕದ ಮನೆಯಾಕೆ ಮಾತಾಡಿದಳು. ಮಗಳು ಗಂಟಲು ಸರಿಮಾಡಿಕೊಂಡು ಎದ್ದಳು. ಅಷ್ಟರಲ್ಲಿ ಅಪ್ಪನ ಗಿರಾಕಿಯಾಗಿದ್ದ ಸಲೂನಿನವನು, "ಒಂದು ನಿಮಿಷ, ನಾನು ಹೇಳಲೇಬೇಕು," ಎಂದು ಮುಂದೆ ಬಂದ.

"ನಿನ್ನೆ ನಾನೇ ಎದುರಿಗಿದ್ದೆ. ನನ್ನ ಸಲೂನಿಗೆ ಅಂತ ದೊಡ್ಡ ಕನ್ನಡಿ ಕೊಯ್ದು ಕೈಲಿ ಹಿಡ್ಕೊಂಡಿದ್ರು. ಎದೆ ನೋವು ಬಂತು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಬೆವರು ಸುರೀತಿತ್ತು. ಬೇರೆಯವರಾಗಿದ್ರೆ ಕೈಲಿದ್ದದ್ದು ಬಿಟ್ಟು ಎದೆ ಹಿಡ್ಕೊಳ್ಳೋರು. ಇವರು ಕನ್ನಡೀನ ಮೆತ್ತಗೆ ಮೇಜಿನ ಮೇಲೆ ಮಲಗಿಸಿದ್ರು. ಜಾರದ ಹಾಗೆ ಅಂಚಿಗೆ ಬಟ್ಟೆ ಒತ್ತಿಟ್ರು. ಆಮೇಲೆ ಬಿದ್ರು. ಕನ್ನಡಿಗೆ ಒಂದು ಗೀರೂ ಆಗಿಲ್ಲ."

"ಎಂಥಾ ಕೈ," ಎಂದು ಯಾರೋ ನಿಟ್ಟುಸಿರು ಬಿಟ್ಟರು.

ಮುಚ್ಚಳದ ಮೇಲೆ ಅಮ್ಮನ ಬಟ್ಟೆ ನಿಂತಿತು. "ಸಾಯೋವಾಗ್ಲೂ?" ಎಂದು ಕೇಳಿದಳು.

"ಸಾಯೋವಾಗ್ಲೂ ಅಮ್ಮ," ಎಂದ ಸಲೂನಿನವನು, ಹೆಮ್ಮೆಯಿಂದ.

ಅಮ್ಮ ಎದ್ದಳು. ಶೋಕೇಸಿನ ಬಾಗಿಲು ಸರಿಸಿ, ಮೇಲಿನ ಹಲಗೆಯ ಮೇಲಿದ್ದ ಗೊಂಬೆಗಳನ್ನು ಒಂದೊಂದಾಗಿ ಕೆಳಗಿಟ್ಟು, ಹಲಗೆಯನ್ನು ಹೊರಗೆಳೆದಳು. ಅಪ್ಪ ಬಂದವರಿಗೆಲ್ಲ ಮುಟ್ಟಿ ನೋಡಿ ಎಂದು ತೋರಿಸುತ್ತಿದ್ದ ಹಲಗೆ ಅದು.

"ಅತ್ತಿಗೆ, ಅದ್ಯಾಕೆ ಈಗ? ಕೈ ಕುಯ್ಯುತ್ತೆ," ಎಂದ ಚಿಕ್ಕಪ್ಪ.

ಅವಳು ಅದನ್ನು ಅಪ್ಪನ ತಲೆಯ ಹತ್ತಿರ ತಂದು, ಹೆಗಲೆತ್ತರಕ್ಕೆ ಎತ್ತಿ, ನೆಲಕ್ಕೆ ಬಿಟ್ಟಳು.

ಮಗಳ ಕೈಗಳು ತಾವಾಗಿಯೇ ಕಿವಿಗೆ ಹೋದವು. ಚೂರುಗಳು ಚಿಕ್ಕಪ್ಪನ ಕಾಲಿನವರೆಗೆ ಹಾರಿದವು, ಪಕ್ಕದ ಮನೆಯಾಕೆ ಗೋಡೆಗೆ ಒರಗಿದಳು. ಅಮ್ಮ ಮುಚ್ಚಳದ ಮೇಲೆ ಬಗ್ಗಿ ಗಂಡನ ಮುಖವನ್ನೇ ನೋಡಿದಳು.

"ಕೇಳಿಸ್ತೇನ್ರೀ?"

ಮುಚ್ಚಳದ ಮೇಲೆ ಮತ್ತೆ ಹನಿ ಕಟ್ಟುತ್ತಿತ್ತು. ಅಮ್ಮ ಅದನ್ನು ಒರೆಸಲಿಲ್ಲ. ಮುಖದಿಂದ ಕಣ್ಣು ಕೀಳದೆ, ಮಣಿಕಟ್ಟು ಮುರಿದಂದಿನಿಂದ ಪೂರ್ತಿ ತಿರುಗದ ಆ ಬಲಗೈಯನ್ನು ಹಿಂದಕ್ಕೆ ಚಾಚಿದಳು.

ಮಗಳು ಕಿವಿಯಿಂದ ಕೈ ತೆಗೆದಳು. ಆಡಬೇಕೆಂದುಕೊಂಡಿದ್ದ ಮಾತನ್ನು ಅಲ್ಲೇ ಬಿಟ್ಟು, ಚೂರುಗಳನ್ನು ದಾಟಿ ಶೋಕೇಸಿನ ಹತ್ತಿರ ಹೋಗಿ, ಎರಡನೆಯ ಹಲಗೆಯನ್ನು ಎಳೆದು ತಂದು ಆ ಕೈಗೆ ಕೊಟ್ಟಳು.