ಹಿಮಕ್ಕೆ ಹೊರಟ ಹರಿಣಾಕ್ಷಿ

ಹರಿಣಾಕ್ಷಿ ಸೈಕಲಿನಿಂದ ಇಳಿದು ಮಾತಾಡುವುದು ಅಪರೂಪ. ಎಡಗಾಲಿನ ತುದಿ ನೆಲದ ಮೇಲೆ, ಬಲಗಾಲು ಪೆಡಲಿನ ಮೇಲೆ, ಎರಡೂ ಕೈ ಹ್ಯಾಂಡಲಿನ ಮೇಲೆ. ಸಾವಿನ ಸುದ್ದಿಯಿರಲಿ, ಮದುವೆಯ ಕರೆಯಿರಲಿ, ಆ ಭಂಗಿಯಲ್ಲೇ ಹೇಳಿ ಆ ಭಂಗಿಯಲ್ಲೇ ಕೇಳಿ, ಎದುರಿನವರ ಮಾತು ಪೂರ್ತಿಯಾಗುವಷ್ಟರಲ್ಲಿ ಹೊರಟುಬಿಡುತ್ತಾಳೆ. ನೆಲದ ಮೇಲೆ ನಡೆಯುವಾಗ ಅವಳ ಉದ್ದನೆಯ ಕಾಲುಗಳಲ್ಲಿ ಅದೇನೋ ಸಂಕೋಚ, ಕಡ ತಂದ ಚಪ್ಪಲಿ ಹಾಕಿಕೊಂಡವರ ಹಾಗೆ. ಸೀಟಿನ ಮೇಲೆ ಕುಳಿತ ಕ್ಷಣ ಆ ಸಂಕೋಚ ಕಳಚಿ, ನಲವತ್ಮೂರು ವರ್ಷದ ಆ ಎಲುಬಿನ ದೇಹ ಒಂದು ಸ್ಥಿರವಾದ ಲಯಕ್ಕೆ ಬಂದು ನಿಲ್ಲುತ್ತದೆ. ಏನನ್ನೇ ಕೇಳಿ, ಮೊದಲು ಬರುವ ಉತ್ತರ "ನೋಡುವ". ಹೌದು ಎಂಬುದಕ್ಕೂ ಅಲ್ಲ ಎಂಬುದಕ್ಕೂ ಅವಳಲ್ಲಿ ಅದೇ ಪೀಠಿಕೆ.

ಪಂಜದ ಆಚೆಗಿನ ಒಂದು ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಅವಳು ಪರೀಕ್ಷಕಿ. ಬೆಳಿಗ್ಗೆ ಮತ್ತು ಸಂಜೆ ಕ್ಯಾನುಗಳು ಬಂದಾಗ ಲ್ಯಾಕ್ಟೋಮೀಟರ್ ಮುಳುಗಿಸಿ, ಹಾಲಿನ ಡಿಗ್ರಿ ನೋಡಿ, ನೀರು ಬೆರೆತಿದ್ದರೆ ಮರಳಿಸುವುದು ಕೆಲಸ. ಅರೆಭಾಷೆಯಾಡುವ ಆ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಸಂಬಂಧವಾಗಬೇಕು. ಆದುದರಿಂದ ಅದು ಸಲೀಸಾದ ಕೆಲಸವಲ್ಲ. ಒಮ್ಮೆ ಗಂಡನ ಸ್ವಂತ ಅಣ್ಣನ ಕ್ಯಾನನ್ನೇ ಅವಳು ಹಿಂದಕ್ಕೆ ತಳ್ಳಿದಳು. ಜಗಳವಿಲ್ಲ, ಉಪದೇಶವಿಲ್ಲ, "ಡಿಗ್ರಿ ಇಲ್ಲ" ಎಂಬ ಎರಡೇ ಪದ. ಆ ಮನೆಯವರು ಒಂದು ವರ್ಷ ಇವರ ಮನೆಯ ಮೆಟ್ಟಿಲು ಹತ್ತಲಿಲ್ಲ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಸಿಗುವ ಏಳು ಗಂಟೆಗಳಲ್ಲಿ ಅವಳು ಸುಳ್ಯ, ಕಡಬ, ಪುತ್ತೂರುಗಳ ನಡುವಿನ ರಸ್ತೆಗಳನ್ನೆಲ್ಲ ತುಳಿದು ಮುಗಿಸಿದ್ದಳು.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅವಳು ಪುತ್ತೂರಿನ ನನ್ನ ಮನೆಗೆ ಬಂದಳು. ನಾನು ಹೈಸ್ಕೂಲಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದವಳು. ನಿವೃತ್ತಳಾದ ಮೇಲೆ ಊರವರ ಅರ್ಜಿಗಳನ್ನು ಬರೆದುಕೊಡುವುದು ನನ್ನ ಪಾಲಿಗೆ ಬಂದ ಗೌರವದ ಕೆಲಸ. ಆ ದಿನ ಅವಳು ಸೈಕಲನ್ನು ಗೋಡೆಗೆ ಒರಗಿಸಿ, ಒಳಗೆ ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತಳು. ಅಷ್ಟರಿಂದಲೇ ವಿಷಯ ಸಣ್ಣದಲ್ಲವೆಂದು ನನಗೆ ತಿಳಿಯಿತು. ಫೋನಿನಲ್ಲಿ ಅವಳು ತೋರಿಸಿದ್ದು ಫಿನ್ಲೆಂಡ್ ದೇಶದ ಉತ್ತರದ ಕೊನೆಯಲ್ಲಿ ಫೆಬ್ರವರಿ ತಿಂಗಳಲ್ಲಿ ನಡೆಯುವ ಒಂದು ಸೈಕಲ್ ಸ್ಪರ್ಧೆ. ನೂರೈವತ್ತು ಕಿಲೋಮೀಟರ್ ಹಿಮದ ದಾರಿ, ಸೊನ್ನೆಗಿಂತ ಇಪ್ಪತ್ತು, ಮೂವತ್ತು ಡಿಗ್ರಿ ಕೆಳಗಿನ ಚಳಿ, ಮಲಗುವ ಚೀಲ ತನ್ನ ಸೈಕಲಿನ ಮೇಲೆ, ಸಹಾಯಕ್ಕೆ ಯಾರೂ ಇಲ್ಲ. ಸ್ವೆಟರಿಗೆ ಕೆಲಸವೇ ಇಲ್ಲದ ಊರಿನ ಹೆಂಗಸು ಅಲ್ಲಿಗೆ ಹೋಗುವುದೆಂದರೇನು ಎಂದು ನಾನು ಕೇಳಿದೆ.

"ನೋಡುವ," ಎಂದಳು. ಫೋನನ್ನು ಮಡಿಲಲ್ಲಿಟ್ಟು, "ಇಲ್ಲಿಯ ಏರು ಎಲ್ಲ ನನಗೆ ಗೊತ್ತುಂಟು ಟೀಚರ್. ಗೊತ್ತಿಲ್ಲದ್ದು ಒಂದು ಬೇಕು," ಎಂದಳು.

ಅಲ್ಲಿಂದ ಅವಳ ಅಲೆದಾಟ ಶುರುವಾಯಿತು. ನಾನು ಬರೆದ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗಾನಿಸಿಕೊಂಡು, ಮಳೆಯಲ್ಲಿ, ಸಂಘಗಳ ಅಧ್ಯಕ್ಷರ ಮನೆಗೂ ಅಂಗಡಿಗಳಿಗೂ ಹೋದಳು. ಅದೇ ಸ್ಪರ್ಧೆಯನ್ನು ಬೇಸಿಗೆಯಲ್ಲಿ ಮಾಡಲಾಗುವುದಿಲ್ಲವೇ ಎಂದು ಒಬ್ಬರು ನಿಜವಾದ ಕಾಳಜಿಯಿಂದ ವಿಚಾರಿಸಿದರು. ಒಂದು ಸಂಘದವರು ಅವಳು ಇನ್ನೂ ಎಲ್ಲಿಗೂ ಹೋಗುವ ಮೊದಲೇ ವೇದಿಕೆಗೆ ಕರೆದು ಶಾಲು ಹೊದೆಸಿ, ಪೇಟ ತೊಡಿಸಿ, ಫೋಟೋ ತೆಗೆಸಿದರು. ಅವಳು ಶಾಲನ್ನು ನೀಟಾಗಿ ಮಡಚಿ ಕುರ್ಚಿಯ ಮೇಲೆ ಬಿಟ್ಟು ಬಂದಳು. ಮಂಗಳೂರಿನ ಸೈಕಲ್ ಗೆಳೆಯರೊಬ್ಬರು ದಪ್ಪ ಟಯರಿನ ಸೈಕಲ್ಲನ್ನು ಎರವಲು ಕೊಟ್ಟರು. ಆ ಗೆಳೆಯರ ಬಳಗ ವಿಮಾನದ ಖರ್ಚನ್ನೂ ತಮ್ಮೊಳಗೆ ಹಂಚಿಕೊಳ್ಳುವುದಾಗಿ ಒಪ್ಪಿತು. ಕಲ್ಲುಗುಂಡಿಯ ನಿವೃತ್ತ ಸುಬೇದಾರ್ ಚೆನ್ನಕೇಶವರು, ಹಿಮಗಡಿಯಲ್ಲಿ ಎರಡು ಚಳಿಗಾಲ ಕಳೆದವರು, ತಮ್ಮ ಹಳೆಯ ಮಿಲಿಟರಿ ಕೋಟನ್ನು ಟ್ರಂಕಿನಿಂದ ತೆಗೆದು ಕೊಟ್ಟರು. ನುಸಿಗುಳಿಗೆಯ ವಾಸನೆಯ ಆ ಕೋಟಿನೊಳಗೆ ಇಬ್ಬರು ಹರಿಣಾಕ್ಷಿಯರು ಹಿಡಿಸುತ್ತಿದ್ದರು. "ಚಳಿ ಮೊದಲು ಬೆರಳಿಗೆ ಬರುದಲ್ಲಮ್ಮ," ಎಂದರಂತೆ ಸುಬೇದಾರರು. "ಮೊದಲು ಬರುದು ಬುದ್ಧಿಗೆ. ಆಗ ನಿನಗೇ ಗೊತ್ತಾಗುದಿಲ್ಲ."

ಮನೆಯಲ್ಲಿ ಗಂಡ ಮೇದಪ್ಪನ ವಿರೋಧವಿತ್ತು. ಪಿಕಪ್ ಓಡಿಸುವ, ಮಾತು ಕಡಿಮೆಯ ಮನುಷ್ಯ ಆತ. ಕೂಗಾಡಲಿಲ್ಲ, ನಾಲ್ಕು ತಿಂಗಳು ಆ ವಿಷಯ ಬಂದಾಗಲೆಲ್ಲ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ನನ್ನೆದುರು ಒಂದೇ ಸಲ ಬಾಯಿಬಿಟ್ಟ. ಅವಳ ಬೆರಳು ಹೋದರೆ ಪತ್ರ ಬರೆದುಕೊಟ್ಟ ನೀವು ಉತ್ತರ ಹೇಳುತ್ತೀರಾ ಎಂದು ಕೇಳಿದ. ಪತ್ರ ಬರೆಯುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ.

ಸ್ಪರ್ಧೆಯ ನಿಯಮಗಳಲ್ಲಿ ಒಂದು ಕಠಿಣವಾದದ್ದಿತ್ತು. ಹಿಮವನ್ನೇ ಕಾಣದ ಊರಿನವರು ಶೀತಲ ಕೋಣೆಯೊಂದರಲ್ಲಿ, ಮೈನಸ್ ಇಪ್ಪತ್ತರಲ್ಲಿ, ಮೂರು ಗಂಟೆ ಇದ್ದು ತೋರಿಸಬೇಕು: ಮೊದಲು ಒಂದು ಗಂಟೆ ಸ್ಟ್ಯಾಂಡಿನ ಮೇಲೆ ಸೈಕಲ್ ತುಳಿದು, ಬಳಿಕ ಚಕ್ರ ಬಿಚ್ಚಿ ಟ್ಯೂಬ್ ಬದಲಿಸಿ, ಕೊನೆಗೆ ಮಲಗುವ ಚೀಲದಲ್ಲಿ ಉಳಿದ ಹೊತ್ತು. ಒಬ್ಬರು ವೈದ್ಯರೂ ಸಂಬಂಧಿಯಲ್ಲದ ಒಬ್ಬ ಸಾಕ್ಷಿಯೂ ಹಾಜರಿರಬೇಕು. ಸಾಕ್ಷಿ ತನ್ನ ಕೈಯಿಂದ ವರದಿ ಬರೆದು ಸಹಿ ಹಾಕಿ ನವೆಂಬರ್ ಮುಗಿಯುವುದರೊಳಗೆ ಕಳಿಸಬೇಕು. ಕಬಕದಲ್ಲಿ ಐಸ್‌ಕ್ರೀಮ್ ಗೋದಾಮು ಇಟ್ಟುಕೊಂಡಿದ್ದ ರವೂಫ್, ಹರಿಣಾಕ್ಷಿ ಅಕ್ಕ ಕೇಳಿದರೆ ಇಲ್ಲವೆನ್ನುವುದು ಹೇಗೆಂದು, ಒಂದು ಕೋಣೆಯನ್ನು ಖಾಲಿ ಮಾಡಿಕೊಟ್ಟ. ಪುತ್ತೂರಿನ ಕ್ಲಿನಿಕ್ಕೊಂದರ ಯುವ ವೈದ್ಯೆ ತೃಪ್ತಿ ಬರಲೊಪ್ಪಿದರು. ಸಾಕ್ಷಿ ನಾನು.

ಒಳಗಿನಿಂದಲೂ ಬಾಗಿಲು ತೆರೆಯಬಹುದಾದ ಆ ಕೋಣೆಯಲ್ಲಿ, ಕೈಲಾಗದಾಗ ಒತ್ತಲು ಒಂದು ಬೆಲ್ಲೂ ಇತ್ತು. ಬಾಗಿಲು ಮುಚ್ಚುವ ಮುಂಚೆ ಹರಿಣಾಕ್ಷಿ ನನ್ನ ಕೈ ಹಿಡಿದಳು. "ನಾನಾಗಿ ಬೆಲ್ ಒತ್ತದೆ ಬಾಗಿಲು ತೆಗೀಬೇಡಿ ಟೀಚರ್." ನಾನು ತಲೆಯಾಡಿಸಿದೆ. ಭಾಷೆ ಕೊಡುವುದು ಅಷ್ಟು ಸುಲಭ.

ಬೆಳಿಗ್ಗೆ ಒಂಬತ್ತಕ್ಕೆ ಆರಂಭ. ಬಾಗಿಲಿನಲ್ಲಿದ್ದ ಅಂಗೈಯಗಲದ ಗಾಜಿನಿಂದ ನಾವು ಸರದಿಯಂತೆ ನೋಡುತ್ತಿದ್ದೆವು. ಒಳಗಿನ ಮಾತು ಕೇಳಲು ಇಂಟರ್‌ಕಾಮ್ ಇತ್ತು. ಮೊದಲ ಗಂಟೆ ಅವಳು ಸಂಪಾಜೆಯ ಏರು ಹತ್ತುವವಳಂತೆ ತುಳಿದಳು. ಎಂಥ ವೇಗವೆಂದರೆ ರವೂಫ್ ಚಪ್ಪಾಳೆ ತಟ್ಟಿದ. ಕೋಟಿನೊಳಗೆ ಅವಳು ಬೆವರುತ್ತಿದ್ದಾಳೆಂದೂ ಆ ಬೆವರೇ ಮುಂದಿನ ಗಂಟೆಯ ಶತ್ರುವೆಂದೂ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಟಯರು ಚಳಿಗೆ ಮರದಂತೆ ಗಡುಸಾಗಿತ್ತು. ಕೈಗವಸು ಹಾಕಿ ಆಗದೆ ಅವಳು ಎರಡು ಸಲ ಅದನ್ನು ಕಳಚಿದಳು. ಎರಡು ಗಂಟೆ ತುಂಬುವ ಹೊತ್ತಿಗೆ ಚೀಲದೊಳಗೆ ತೂರಿಕೊಂಡಾಗ ಅವಳ ನಡುಕ ಚೀಲದ ಬಟ್ಟೆಯ ಮೇಲೂ ಕಾಣುತ್ತಿತ್ತು.

ಹತ್ತು ನಿಮಿಷಕ್ಕೊಮ್ಮೆ ತೃಪ್ತಿ ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ವಾರ ಎಂದಾಗ "ನೋಡುವ" ಎಂದಳು. ಮುಂದೆ ಏನೂ ಬರಲಿಲ್ಲ. ಗಂಡನ ಹೆಸರು ಕೇಳಿದರು. ಬಹಳ ಹೊತ್ತಿನ ಮೇಲೆ, ಅರೆಭಾಷೆಯಲ್ಲಿ, ಸಂಜೆಯ ಕ್ಯಾನು ಬಂತೇ ಎಂದು ಯಾರನ್ನೋ ವಿಚಾರಿಸಿದಳು. ಆಗ ಬೆಳಗಿನ ಹನ್ನೊಂದು ಇಪ್ಪತ್ತೆರಡು.

"ನಡುಕ ನಿಂತಿದೆ," ಎಂದರು ತೃಪ್ತಿ, ಗಾಜಿನಿಂದ ಕಣ್ಣು ತೆಗೆಯದೆ. "ಅದು ಒಳ್ಳೆಯದಲ್ಲ ಟೀಚರ್."

ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಮೇದಪ್ಪ, ನಾಲ್ಕು ತಿಂಗಳು ಈ ವಿಷಯಕ್ಕೆ ಬೆನ್ನು ಹಾಕಿದ್ದ ಅದೇ ಮೇದಪ್ಪ, ಬಿಳಿಚಿಕೊಂಡ ಮುಖದಲ್ಲಿ ಹೇಳಿದ: "ಅವಳು ಬೆಲ್ ಒತ್ತಲಿಲ್ಲ ಟೀಚರ್. ಮೂವತ್ತೆಂಟು ನಿಮಿಷ ಉಂಟು, ಅಷ್ಟೆ." ಅವನ ಮಾತಿನಲ್ಲಿದ್ದುದು ನಿರ್ದಯತೆಯಲ್ಲ, ಅವಳ ಹಟದ ಮೇಲೆ ಅವನಿಗಿದ್ದ, ಎಂದೂ ಬಾಯಿಬಿಟ್ಟು ಹೇಳದಿದ್ದ ಮಮತೆ ಅದು. ಒಂದು ಅರೆನಿಮಿಷ ನಾನೂ ಅದಕ್ಕೆ ಸೋತೆ. ಆಮೇಲೆ ಹಿಡಿಯನ್ನು ಎಳೆದೆ.

ಒದ್ದೆಯಾದ ಒಳಂಗಿ ತೆಗೆದು, ಕಂಬಳಿ ಸುತ್ತಿ, ಬಿಸಿನೀರಿನ ಚೀಲಗಳಿಟ್ಟು ತೃಪ್ತಿ ಅವಳನ್ನು ಮೆಲ್ಲಮೆಲ್ಲನೆ ಮರಳಿ ತಂದರು. ಬಲಗೈಯ ಹೆಬ್ಬೆರಳು ಸುಣ್ಣದಂತೆ ಬೆಳ್ಳಗಿದ್ದದ್ದು ಕೆಂಪಾಗಲು ಮುಕ್ಕಾಲು ಗಂಟೆ ಹಿಡಿಯಿತು. ತಿಳಿವು ಬಂದೊಡನೆ ಗೋಡೆಯ ಗಡಿಯಾರವನ್ನು ನೋಡಿದಳು, ನನ್ನನ್ನು ನೋಡಿದಳು, ಮುಖ ತಿರುಗಿಸಿದಳು. ಒಂಬತ್ತು ದಿನ ಅವಳಿಂದ ಒಂದು ಫೋನೂ ಬರಲಿಲ್ಲ.

ಮಾತು ಕೊಟ್ಟು ಮುರಿದವಳು ನಾನು. ಆ ಪಾಪಪ್ರಜ್ಞೆ ಎಂಥ ಕೆಲಸ ಮಾಡಿಸುತ್ತದೆಂಬುದನ್ನು ಆ ದಿನಗಳಲ್ಲಿ ಕಂಡೆ. ಫಿನ್ಲೆಂಡಿನವರಿಗೆ ಹೇಗೆ ತಿಳಿಯುತ್ತದೆ, ಒಂದು ಸಹಿ ತಾನೇ ಎಂದು ರವೂಫ್ ಸ್ನೇಹದಿಂದಲೇ ಹೇಳಿದ್ದ. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ನಾನು, ವ್ಯಾಕರಣಕ್ಕೆ ಕುಂದಿಲ್ಲದ, ಸತ್ಯಕ್ಕೆ ಮಾತ್ರ ಕುಂದಿರುವ ಒಂದು ವರದಿಯನ್ನು ಸಿದ್ಧಮಾಡಿದೆ. ಅಭ್ಯರ್ಥಿ ಕೋಣೆಯಲ್ಲಿ ಸುಮಾರು ಮೂರು ಗಂಟೆಗಳ ಕಾಲ ಇದ್ದಳೆಂಬ ಒಂದು ನುಣುಪಾದ ವಾಕ್ಯ ಅದರಲ್ಲಿತ್ತು.

ಹತ್ತನೆಯ ದಿನ ಅವಳು ಬಂದಳು. ಕಾಗದವನ್ನು ಕೊಟ್ಟೆ. ಶಾಲೆಯಲ್ಲಿ ಮಾಡುತ್ತಿದ್ದಂತೆ ಸಾಲುಗಳ ಕೆಳಗೆ ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು.

"ಅಪ್ರಾಕ್ಸಿಮೇಟ್ಲಿ ಅಂದ್ರೆ ಎಂತ ಟೀಚರ್?"

"ಸುಮಾರು," ಎಂದೆ.

"ಸುಮಾರು ಬೇಡ. ಡಿಗ್ರಿ ಎಷ್ಟುಂಟೋ ಅಷ್ಟು ಬರೆಯಿರಿ."

ನಾನು ಕಾಗದ ಹರಿದು ಹೊಸದಾಗಿ ಬರೆದೆ: ಎರಡು ಗಂಟೆ ಇಪ್ಪತ್ತೆರಡು ನಿಮಿಷ, ಬುದ್ಧಿ ಮಸುಕಾಗಿತ್ತು, ಬಾಗಿಲನ್ನು ಸಾಕ್ಷಿಯೇ ತೆಗೆದಳು. ಇದನ್ನು ಕಳಿಸಿದರೆ ಎಲ್ಲ ಮುಗಿಯಿತೆಂದು ಇಬ್ಬರಿಗೂ ಗೊತ್ತಿತ್ತು. ಸಹಿ ಹಾಕಿ, ಸ್ಕ್ಯಾನ್ ಮಾಡಿ, ಇಮೇಲಿಗೆ ಸೇರಿಸಿದೆ. ಅವಳು ಲಕೋಟೆಯ ವಿಳಾಸ ಓದುವವಳಂತೆ ಕಂಪ್ಯೂಟರಿನ ಪರದೆಯನ್ನು ಒಮ್ಮೆ ನೋಡಿ, ಕಳಿಸಿ ಎಂದಳು.

ಐದು ದಿನ ಉತ್ತರವಿಲ್ಲ. ಆರನೆಯ ದಿನ ಬಂದ ಉತ್ತರ ಚಿಕ್ಕದು. ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾಗಿಲ್ಲ. ಆದರೆ ವಿಫಲತೆಯನ್ನು ಇಷ್ಟು ವಿವರವಾಗಿ ತಿಳಿಸಿದ ವರದಿ ತಮಗೆ ಉಪಯುಕ್ತವಾಯಿತು, ಡಿಸೆಂಬರ್ ಹದಿನೈದರೊಳಗೆ ಇನ್ನೊಮ್ಮೆ ಪರೀಕ್ಷೆ ಕೊಡಬಹುದು, ಅದೇ ಕೊನೆಯದು.

ಎರಡು ವಾರ ಅವಳು ಕಲಿತದ್ದು ನಿಧಾನವನ್ನು. ಸುಬೇದಾರರ ಆಣತಿಯಂತೆ ಮುಂಜಾನೆಯ ಚಳಿಗೆ, ಅಂಗಿಯೊಳಗೆ ಒಣ ಕರವಸ್ತ್ರವೊಂದನ್ನಿಟ್ಟುಕೊಂಡು, ಕಲ್ಲುಗುಂಡಿಯಿಂದ ಮಡಿಕೇರಿಯ ಕಡೆ ಏರು ಹತ್ತಬೇಕು. ಕರವಸ್ತ್ರ ಒದ್ದೆಯಾದರೆ ತಿರುಗಿ ಬರಬೇಕು. ಮೊದಲ ದಿನ ಮೂರನೆಯ ತಿರುವಿನಲ್ಲೇ ಹಿಂದಿರುಗಿದಳು. ಹುಲ್ಲಿನ ಹೊರೆ ಹೊತ್ತ ಹೆಂಗಸರು ನಡೆದುಕೊಂಡೇ ತನ್ನನ್ನು ಹಿಂದೆ ಹಾಕಿದರೆಂದು ಹೇಳುವಾಗ, ಆ ಒಣ ಗಂಟಲಿನಲ್ಲಿ ಮೊದಲ ಬಾರಿಗೆ ಅಳುವಿನ ಎಳೆ ಕೇಳಿಸಿತು. ಎರಡನೆಯ ಪರೀಕ್ಷೆಗೆ ಬೇರೆ ಸಾಕ್ಷಿಯನ್ನು ಹುಡುಕು ಎಂದು ನಾನೇ ಹೇಳಿದೆ. ಮತ್ತೆ ನನ್ನ ಕೈ ಹಿಡಿಯ ಮೇಲೆ ಇರುವುದು ನಿನಗೆ ಒಳ್ಳೆಯದಲ್ಲ ಎಂದೆ.

"ಇಲ್ಲ ಟೀಚರ್. ಸುಬೇದಾರರು ಹೇಳಿದ್ದು ನನಗೆ ಈಗ ಅರ್ಥ ಆಯ್ತು. ನನಗೆ ಬಾಗಿಲು ತೆಗೆಯುವವರೇ ಬೇಕು."

ಡಿಸೆಂಬರ್ ಹನ್ನೆರಡಕ್ಕೆ ಮತ್ತೆ ಕಬಕ. ಈ ಸಲ ಅವಳು ಮದುವೆಮನೆಯಿಂದ ಮರಳುವವರಂತೆ ಸಾವಕಾಶವಾಗಿ ತುಳಿದಳು. ರವೂಫ್ ಚಪ್ಪಾಳೆ ತಟ್ಟಲಿಲ್ಲ; ತಸ್ಬಿಯ ಜಪಮಣಿ ಎಣಿಸುತ್ತ ಮೂಲೆಯಲ್ಲಿ ಕುಳಿತಿದ್ದ. ಟ್ಯೂಬ್ ಬದಲಿಸಿ, ಒಣ ಅಂಗಿ ಹಾಕಿಕೊಂಡು ಚೀಲ ಸೇರಿದಳು. ಎರಡು ಗಂಟೆ ನಲವತ್ತು ನಿಮಿಷಕ್ಕೆ ತೃಪ್ತಿ ಅವಳಿಗೆ ನೂರರಿಂದ ಹದಿನೇಳು ಕಳೆಯಲು ಹೇಳಿದರು. ಇಂಟರ್‌ಕಾಮಿನಲ್ಲಿ ಉಸಿರಾಟವಷ್ಟೇ. ಐದು ಸೆಕೆಂಡು, ಹತ್ತು. ಮೇದಪ್ಪ ಈ ಸಲ ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಹಿಡಿಯನ್ನು ಬಿಗಿಹಿಡಿದೆ.

"ಎಂಬತ್ತಮೂರು," ಎಂಬ ದನಿ ಬಂತು. "ಇದ್ದೇನೆ ಟೀಚರ್. ಲೆಕ್ಕದಲ್ಲಿ ನಾನು ಶಾಲೆಯಲ್ಲೂ ಹೀಗೆಯೇ."

ಮೂರು ಗಂಟೆ ತುಂಬಿದಾಗ ಬಾಗಿಲನ್ನು ಒಳಗಿನಿಂದ ಅವಳೇ ತೆರೆದು ಹೊರಗೆ ಬಂದಳು.

ಫೆಬ್ರವರಿಯಲ್ಲಿ ಅವಳು ಹೋದಳು. ಸ್ಪರ್ಧಿಗಳೆಲ್ಲ ಫೋನಿನ ನಕ್ಷೆಯ ಮೇಲೆ ಒಂದೊಂದು ಚುಕ್ಕೆಯಾಗಿದ್ದರು. ಸೊಸೈಟಿಯಲ್ಲಿ ಅವಳ ಬದಲಿಗೆ ಹಾಲು ಪರೀಕ್ಷಿಸುತ್ತಿದ್ದ ಮೇದಪ್ಪ, ಭಾನುವಾರ ಬೆಳಿಗ್ಗೆ ಏಳೂವರೆಗೆ ನನಗೆ ಫೋನು ಮಾಡಿ ಚುಕ್ಕೆ ನಿಂತಿದೆ ಎಂದ. ಎಂಟಾಯಿತು, ಒಂಬತ್ತಾಯಿತು. ಉಳಿದ ಚುಕ್ಕೆಗಳು ಅವಳನ್ನು ದಾಟಿ ಹೋಗುತ್ತಿದ್ದವು. ಆ ನಾಲ್ಕೂವರೆ ಗಂಟೆ ನಾವಿಬ್ಬರೂ ಫೋನು ಇಡಲಿಲ್ಲ. ಅವನ ಕಡೆಯಿಂದ ಆಗಾಗ ಕ್ಯಾನುಗಳ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಚುಕ್ಕೆ ಅಲುಗಿತು. ಒಳಂಗಿ ತೇವವಾದದ್ದು ಗೊತ್ತಾಗಿ, ದಾರಿ ಬದಿಯ ಹಿಮದಲ್ಲಿ ಚೀಲದೊಳಗೆ ಮಲಗಿ ಒಣಗಿಸಿಕೊಂಡಳೆಂದು ಆಮೇಲೆ ತಿಳಿಯಿತು. ಒಟ್ಟು ಮೂವತ್ತನಾಲ್ಕು ಗಂಟೆ, ಕೊನೆಯಿಂದ ಎರಡನೆಯವಳು. ಮರುದಿನ ಫೋನಿನಲ್ಲಿ ಹೇಳಿದ್ದು ಇಷ್ಟು: "ಮುಗೀತು ಟೀಚರ್. ಬೆರಳು ಹತ್ತೂ ಉಂಟು."

ಸಾಹಸಿಗಳೆಂದರೆ ತಮ್ಮ ಮೇಲೆ ಅಪಾರ ವಿಶ್ವಾಸವುಳ್ಳವರು, ಯಾರ ಹಂಗೂ ಬೇಡದವರು ಎಂದು ನಾನು ಬಹುಕಾಲ ನಂಬಿದ್ದೆ. ಅಂಥವರೂ ಇರಬಹುದು, ಅವರಲ್ಲಿ ಅನೇಕರು ಮರಳಿ ಬರುವುದಿಲ್ಲವಾದ್ದರಿಂದ ಅವರ ವಿಚಾರ ನಮಗೆ ಹೆಚ್ಚು ತಿಳಿಯದು. ಹರಿಣಾಕ್ಷಿಯ ಬಗೆಯವರು ಬೇರೆ. ಒಂದು ಹಂತದ ಆಚೆ ತಮ್ಮ ಬುದ್ಧಿಯೇ ತಮಗೆ ಸುಳ್ಳು ಹೇಳುತ್ತದೆಂದು ಅವರು ಬಲ್ಲರು, ಬಲ್ಲುದರಿಂದ ಹೊರಡುವ ಮುನ್ನ ಮನೆಮನೆಯ ಬಾಗಿಲು ತಟ್ಟುತ್ತಾರೆ. ಅವರಿಗೆ ಹುರಿದುಂಬಿಸುವವರು ಸಿಗುವುದು ಕಷ್ಟವಲ್ಲ, ಶಾಲು ಹೊದೆಸುವವರಂತೂ ಬೇಕಾದಷ್ಟು. ಅವರು ಹುಡುಕುವುದು ತಮ್ಮ ಮಾತನ್ನು ಮೀರುವ ಧೈರ್ಯವುಳ್ಳ ಒಬ್ಬರನ್ನು. ಸಿಕ್ಕ ಮೇಲೆ ಎಷ್ಟು ದೂರದ ಚಳಿಗಾದರೂ ನಿಶ್ಚಿಂತೆಯಿಂದ ಹೊರಡುತ್ತಾರೆ.